ಕದಾಕೇಸ್: ಗಾಳಿ ನೋಡಿ ನೀರಿಗಿಳಿಯುವ ಊರು

ಕದಾಕೇಸ್‌ನಲ್ಲಿ ಬೆಳಗ್ಗೆ ಕಿಟಕಿ ತೆರೆದರೆ ಮೊದಲು ನೋಡಬೇಕಾದ್ದು ಕೊಲ್ಲಿಯಲ್ಲಿ ಕಟ್ಟಿದ ದೋಣಿಗಳ ಮೂತಿ. ಮುಂಭಾಗಕ್ಕೆ ಒಂದೇ ಹಗ್ಗ ಕಟ್ಟಿ ಬಿಟ್ಟ ದೋಣಿ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತದೆ. ಮೂತಿಗಳೆಲ್ಲ ಊರಿನ ಹಿಂದಿನ ಗುಡ್ಡದ ಕಡೆಗಿದ್ದರೆ ಬಡಗಣ ಗಾಳಿ. ಸಮುದ್ರದ ಕಡೆಗಿದ್ದರೆ ತೆಂಕಣದ್ದೋ ಮೂಡಣದ್ದೋ. ಒಂದೊಂದು ದೋಣಿ ಒಂದೊಂದು ಕಡೆ ನೋಡುತ್ತಿದ್ದರೆ ಗಾಳಿಯೇ ಇಲ್ಲ, ಎಲ್ಲಿ ಬೇಕಾದರೂ ಇಳಿಯಬಹುದು. ಇಲ್ಲಿ ಯಾವ ಬೀಚು ಒಳ್ಳೆಯದು ಎಂದು ಕೇಳಿದರೆ ದಿನಕ್ಕೊಂದು ಉತ್ತರ. ಆ ಉತ್ತರ ಹೇಳುವುದು ಗಾಳಿ. ಇದು ಗೊತ್ತಿಲ್ಲದೆ, ಪಟ್ಟಿ ಹಿಡಿದುಕೊಂಡು ಬೀಚಿನಿಂದ ಬೀಚಿಗೆ ನಡೆದವರು ಅರ್ಧ ದಿನ ಹಾಳು ಮಾಡಿಕೊಂಡು ವಾಪಸಾಗುತ್ತಾರೆ.

ಊರಿರುವುದು ಸ್ಪೇನಿನ ಕತಲೂನ್ಯಾದಲ್ಲಿ, ಫ್ರಾನ್ಸ್ ಗಡಿಗೆ ಹತ್ತಿರ. ಪಿರನೀಸ್ ಪರ್ವತಸಾಲು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದು ಮುಗಿಯುವ ಜಾಗ ಕಾಪ್ ದ ಕ್ರೇವುಸ್. ಪೋರ್ಚುಗಲ್, ಸ್ಪೇನ್ ಎರಡೂ ಸೇರಿದ ಐಬೀರಿಯಾದ ಮುಖ್ಯಭೂಮಿಗೆ ಅದೇ ಮೂಡಣ ತುದಿ. ಅದರ ತೆಂಕು ಮಗ್ಗುಲಿನ ಕೊಲ್ಲಿಯಲ್ಲಿ ಮೂರು ಸಾವಿರದೊಳಗಿನ ಜನಸಂಖ್ಯೆಯ ಈ ಸುಣ್ಣ ಬಳಿದ ಊರು ಕೂತಿದೆ. ಬೆನ್ನಿಗೆ 606 ಮೀಟರ್ ಎತ್ತರದ ಪೆನೀ ಗುಡ್ಡ. ಗುಡ್ಡ ದಾಟುವ ಸರಿಯಾದ ರಸ್ತೆ ಆಗುವ ಮೊದಲು ಇಲ್ಲಿಯವರಿಗೆ ಪಕ್ಕದೂರಿಗಿಂತ ಕಡಲೇ ಹತ್ತಿರವಾಗಿತ್ತು. 1543ರಲ್ಲಿ ಒಟ್ಟೋಮನ್ ನೌಕಾಪತಿ ಬಾರ್ಬರೋಸ್ಸನ ಹಡಗುಪಡೆ ಊರನ್ನು ಸೂರೆ ಮಾಡಿ ಚರ್ಚನ್ನೂ ಸುಟ್ಟಿತು. ಈಗ ಊರ ನೆತ್ತಿಯ ಮೇಲೆ ಕಾಣುವ ಸಾಂತಾ ಮರಿಯಾ ಚರ್ಚು ಆಮೇಲೆ ಕಟ್ಟಿದ್ದು. 19ನೇ ಶತಮಾನದ ಕೊನೆಯಲ್ಲಿ ಫಿಲೋಕ್ಸೆರಾ ಎಂಬ ಬೇರುಹೇನು ದ್ರಾಕ್ಷಿತೋಟಗಳನ್ನೆಲ್ಲ ಒಣಗಿಸಿದಾಗ ಎಷ್ಟೋ ಮನೆಯವರು ಕ್ಯೂಬಾಕ್ಕೆ ಹೋದರು. ಗುಡ್ಡದ ತುಂಬ ಇವತ್ತಿಗೂ ಕಾಣುವ, ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲುಗದ್ದೆಯಂಥ ಸಾಲುಗಳು ಆ ತೋಟಗಳ ಕುರುಹು. ಅಲ್ಲಲ್ಲಿ ಆಲಿವ್ ಮರ ಬಿಟ್ಟರೆ ಉಳಿದದ್ದೆಲ್ಲ ಪೊದೆ. ಇಂಥ ಒಣಕಲ್ಲಿನ ಗೋಡೆ ಕಟ್ಟುವ ಕಲೆಯನ್ನು ಯುನೆಸ್ಕೊ 2018ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಶಾಂತವಾದ ಮೀನುಗಾರರ ಊರು ಎಂದು ಓದಿಕೊಂಡು ಆಗಸ್ಟಿನಲ್ಲಿ ಬಂದರೆ ಮೋಸ ಹೋದಂತೆ. ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಕಾಲಿಡಲು ಜಾಗವಿರುವುದಿಲ್ಲ. ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಬರಬೇಕು. ಎರಡರಲ್ಲಿ ಸೆಪ್ಟೆಂಬರ್ ಮೇಲು. ಹಗಲಿನ ಬಿಸಿಲು ಎರಡೂ ಹೊತ್ತಿನಲ್ಲಿ ಹೆಚ್ಚುಕಡಿಮೆ ಒಂದೇ, ನೀರು ಒಂದೇ ಅಲ್ಲ. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಮೇ ಕೊನೆಯಲ್ಲಿ 17 ಡಿಗ್ರಿ ಆಸುಪಾಸಿನಲ್ಲಿರುವ ನೀರು ಸೆಪ್ಟೆಂಬರಿನಲ್ಲಿ 22ರ ಹತ್ತಿರ ಇರುತ್ತದೆ. ಮಲ್ಪೆಯ, ಗೋಕರ್ಣದ ಬೆಚ್ಚಗಿನ ನೀರು ಕಂಡವರಿಗೆ 17 ಡಿಗ್ರಿ ಎಂದರೆ ಮೊಣಕಾಲಿಗೇ ಉಸಿರು ಕಟ್ಟುತ್ತದೆ. ಮೂರು ರಾತ್ರಿಯಾದರೂ ಉಳಿಯುವ ಲೆಕ್ಕ ಇಟ್ಟುಕೊಳ್ಳಿ. ಒಂದು ದಿನ ಗಾಳಿಗೆ ಹೋಗುತ್ತದೆ.

ವೀಸಾ ಷೆಂಗೆನ್‌ನದ್ದು. ಭಾರತದಲ್ಲಿ ಸ್ಪೇನಿನ ಅರ್ಜಿ ತೆಗೆದುಕೊಳ್ಳುವ ಗುತ್ತಿಗೆ ಬಿಎಲ್‌ಎಸ್ ಎಂಬ ಕಂಪನಿಯದು. ದೊಡ್ಡವರಿಗೆ ಶುಲ್ಕ 90 ಯೂರೊ, ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನದಲ್ಲಿ ತೀರ್ಮಾನ ಎಂಬುದು ಕಾನೂನಿನ ಮಾತು, ಸೆಪ್ಟೆಂಬರಿನ ಪ್ರಯಾಣಕ್ಕೆ ಜೂನ್‌ನಲ್ಲೇ ಅಪಾಯಿಂಟ್‌ಮೆಂಟ್ ಹುಡುಕಿ. ಪಾಸ್‌ಪೋರ್ಟ್ ವಾಪಸ್ ಹೊರಡುವ ದಿನದಿಂದ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ತಾರೀಖುಗಳಲ್ಲಿ. ವಿಮಾನದ ಟಿಕೆಟ್, ಹೋಟೆಲ್, ವಿಮೆ ಮೂರರಲ್ಲೂ ಒಂದೊಂದು ರಾತ್ರಿಗೂ ಲೆಕ್ಕ ಸಿಗಬೇಕು. ಬಾರ್ಸಿಲೋನಾದಲ್ಲಿ ರಾತ್ರಿ ಇಳಿದು ಮರುದಿನ ಕದಾಕೇಸ್‌ಗೆ ಹೋಗುವವರು ಆ ನಡುವಿನ ಒಂದು ರಾತ್ರಿಯ ಕೋಣೆಯನ್ನು ತೋರಿಸಲು ಮರೆಯುತ್ತಾರೆ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಪಾಸ್‌ಪೋರ್ಟಿನ ಮುದ್ರೆಯ ಬದಲು ಬೆರಳಚ್ಚು, ಮುಖದ ಫೋಟೊ ತೆಗೆದುಕೊಳ್ಳುವ ವ್ಯವಸ್ಥೆ ಶುರುವಾಗಿದೆ. ಹಾಗಾಗಿ ಇಳಿದ ಒಂದೇ ಗಂಟೆಗೆ ಬಸ್ಸು ಎಂದು ಟಿಕೆಟ್ ಕೊಳ್ಳುವುದು ಬೇಡ.

ಕದಾಕೇಸ್‌ಗೆ ರೈಲಿಲ್ಲ. ಬಾರ್ಸಿಲೋನಾದ ಎಸ್ತಾಸಿಯೋ ದೆಲ್ ನೋರ್ದ್ ಬಸ್ ನಿಲ್ದಾಣದಿಂದ ಸಾರ್ಫಾ ಕಂಪನಿಯ ಬಸ್ಸು ನೇರವಾಗಿ ಬರುತ್ತದೆ, ಮುಕ್ಕಾಲು ಪಾಲು ಹೆದ್ದಾರಿ, ಒಟ್ಟು ಎರಡು ಮುಕ್ಕಾಲು ಗಂಟೆ. ಇನ್ನೊಂದು ದಾರಿ ಫಿಗೇರೆಸ್ ತನಕ ರೈಲು, ಅಲ್ಲಿಂದ ಒಂದು ಗಂಟೆ ಬಸ್ಸು. ಇಲ್ಲೇ ಹೊಸಬರು ಎಡವುವುದು. ಫಿಗೇರೆಸ್‌ನಲ್ಲಿ ಎರಡು ರೈಲು ನಿಲ್ದಾಣಗಳಿವೆ. ವೇಗದ ರೈಲು ಒಂದು ಗಂಟೆಯೊಳಗೆ ತಂದು ಬಿಡುವುದು ಊರಾಚೆಯ ಫಿಗೇರೆಸ್–ವಿಲಾಫಾಂತ್‌ನಲ್ಲಿ. ಎರಡು ಗಂಟೆ ತೆಗೆದುಕೊಳ್ಳುವ ಸಾದಾ ರೈಲು ನಿಲ್ಲುವುದು ಊರೊಳಗಿನ ಹಳೇ ನಿಲ್ದಾಣದಲ್ಲಿ, ಬಸ್ ನಿಲ್ದಾಣ ಅದರ ಎದುರಿಗೇ ಇದೆ. ವೇಗದ ರೈಲಿನಲ್ಲಿ ಉಳಿಸಿದ ಹೊತ್ತು ಪೆಟ್ಟಿಗೆ ಎಳೆದುಕೊಂಡು ಊರು ದಾಟುವುದರಲ್ಲಿ ಹೋಗುತ್ತದೆ, ದುಡ್ಡು ಮಾತ್ರ ಹೆಚ್ಚು. ಸಾದಾ ರೈಲೇ ಸರಿ. ಬೇಸಿಗೆ ಮುಗಿದ ಮೇಲೆ ಬಸ್ಸುಗಳು ಬೆರಳೆಣಿಕೆಗೆ ಇಳಿಯುತ್ತವೆ, ಶನಿವಾರ ಭಾನುವಾರದ ವೇಳಾಪಟ್ಟಿಯೂ ಬೇರೆ. ಮೊದಲು ಬಸ್ಸಿನ ಹೊತ್ತು ನೋಡಿ ಆಮೇಲೆ ರೈಲು ಆರಿಸಿ. ರೋಸೆಸ್ ಕವಲು ಕಳೆದ ಮೇಲಿನ ಘಟ್ಟ ನಮ್ಮ ಆಗುಂಬೆಯಷ್ಟು ಕಡಿದಲ್ಲದಿದ್ದರೂ ತಿರುವಿಗೇನೂ ಕಡಿಮೆಯಿಲ್ಲ. ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಲಿ.

ಕಾರಿನಲ್ಲಿ ಬರುವವರಿಗೆ ಒಂದೇ ಮಾತು. ಊರಿನ ನಡುವೆ ರಿಯೇರಾ ಎಂಬ ಒಣಹಳ್ಳವಿದೆ. ವರ್ಷದ ಹೆಚ್ಚಿನ ದಿನ ಅದರಲ್ಲಿ ಹನಿ ನೀರಿರುವುದಿಲ್ಲ, ನೋಡಲು ಅಗಲವಾದ ರಸ್ತೆಯ ಹಾಗೇ ಇರುತ್ತದೆ. 2024ರ ನವೆಂಬರ್ 8ರ ನಸುಕಿನ ಮಳೆಗೆ ಅಲ್ಲಿ ನಿಲ್ಲಿಸಿದ್ದ ಮೂವತ್ತರಷ್ಟು ಕಾರುಗಳು ಒಂದರ ಮೇಲೊಂದು ಕೊಚ್ಚಿಹೋಗಿ ಸೇತುವೆಗೆ ಸಿಕ್ಕಿಕೊಂಡವು. ಗುಡ್ಡ ಕಡಿದು, ಮಣ್ಣು ತೆಳು, ಬಿದ್ದ ನೀರೆಲ್ಲ ಅರ್ಧ ಗಂಟೆಯಲ್ಲಿ ಹಳ್ಳಕ್ಕೆ ಬರುತ್ತದೆ. ಶರತ್ಕಾಲದಲ್ಲಿ ಮಳೆಯ ಮುನ್ಸೂಚನೆ ಇದ್ದರೆ ಊರ ಹೊರಗಿನ ದುಡ್ಡಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ.

ಕೋಣೆ ಹಿಡಿಯುವಾಗ ಎಷ್ಟು ಮೆಟ್ಟಿಲು ಎಂದು ಕೇಳಿ. ಹಳೇ ಊರಿನ ಓಣಿಗಳಿಗೆ ಹಾಸಿರುವುದು ಸ್ಲೇಟು ಕಲ್ಲು, ಅದನ್ನು ಮಲಗಿಸಿ ಹಾಸಿಲ್ಲ, ಅಂಚು ಮೇಲಾಗುವಂತೆ ನಿಲ್ಲಿಸಿ ಒತ್ತೊತ್ತಾಗಿ ನೆಟ್ಟಿದ್ದಾರೆ. ಒಣಗಿದ್ದಾಗ ಕಾಲಿಗೆ ಹಿಡಿತ, ಒದ್ದೆಯಾದರೆ ಜಾರುಬಂಡೆ. ಚಕ್ರದ ಪೆಟ್ಟಿಗೆ ಅದರ ಮೇಲೆ ಉರುಳುವುದಿಲ್ಲ, ಎತ್ತಿಕೊಂಡೇ ಹೋಗಬೇಕು. ಬೆನ್ನಿಗೆ ಹಾಕುವ ಚೀಲ ತನ್ನಿ. ಬಾಡಿಗೆಯ ಮೇಲೆ ತಲೆಗೆ, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆ ಬೀಳುತ್ತದೆ, 16 ವರ್ಷದವರೆಗಿನ ಮಕ್ಕಳಿಗಿಲ್ಲ.

ಇನ್ನು ಗಾಳಿ. ಇಲ್ಲಿಯವರು ಎಂಟು ದಿಕ್ಕಿನ ಗಾಳಿಗೂ ಹೆಸರಿಟ್ಟಿದ್ದಾರೆ, ನಮಗೆ ಬೇಕಾದ್ದು ಮೂರು.

ತ್ರಮುಂತಾನಾ ಬಡಗಣ ಗಾಳಿ. ಪಿರನೀಸ್ ದಾಟಿ ತಣ್ಣಗೆ, ಒಣಗೆ ಬೀಸುತ್ತದೆ. ಬಲ ಬಂದರೆ ಗಂಟೆಗೆ ನೂರು ಕಿಲೋಮೀಟರ್ ಮೀರುವುದೂ ಉಂಟು, ಶುರುವಾದರೆ ಎರಡು ಮೂರು ದಿನ ಬಿಡುವುದಿಲ್ಲ. ಆಕಾಶ ಮಾತ್ರ ತೊಳೆದಿಟ್ಟ ಹಾಗಿರುತ್ತದೆ, ಅದಕ್ಕೇ ಹೊಸಬರು ಮೋಸ ಹೋಗುವುದು. ಗಾಳಿ ನೆಲದ ಕಡೆಯಿಂದ ಬರುವುದರಿಂದ ಊರಿನ ದಡದಲ್ಲಿ ತೆರೆಯೇ ಇರುವುದಿಲ್ಲ, ನೀರು ಕೆರೆಯ ಹಾಗೆ ಕಾಣುತ್ತದೆ. ಗಾಳಿ ತುಂಬಿದ ಹಾಸಿಗೆಯೋ, ರಬ್ಬರ್ ದೋಣಿಯೋ, ನಿಂತು ಹುಟ್ಟು ಹಾಕುವ ಹಲಗೆಯೋ ಏನಿದ್ದರೂ ಆ ದಿನ ನೀರಿಗೆ ಇಳಿಸಬಾರದು. ನೂರು ಮೀಟರ್ ಒಳಗೆ ಹೋದರೆ ಗುಡ್ಡದ ಮರೆ ತಪ್ಪುತ್ತದೆ, ಆಮೇಲೆ ಹುಟ್ಟು ಹಾಕಿ ವಾಪಸ್ ಬರುವುದು ನುರಿತವರಿಗೂ ಕಷ್ಟ. ಎರಡನೇ ಪರಿಣಾಮ ನೀರಿನ ತಂಪು. ದಡದ ಬೆಚ್ಚಗಿನ ಮೇಲ್ನೀರನ್ನು ಗಾಳಿ ಒಳಗಡಲಿಗೆ ತಳ್ಳುತ್ತದೆ, ಆ ಜಾಗ ತುಂಬಲು ಕೆಳಗಿನ ತಣ್ಣೀರು ಮೇಲೇಳುತ್ತದೆ. ನಿನ್ನೆ ಹಿತವಾಗಿದ್ದ ನೀರು ಇವತ್ತು ನಾಲ್ಕೈದು ಡಿಗ್ರಿ ಇಳಿದಿದ್ದರೆ ಆಶ್ಚರ್ಯವಿಲ್ಲ.

ಲೆವಾಂತ್ ಮೂಡಣ ಗಾಳಿ. ಮೋಡ, ತೇವ, ಉದ್ದದ ತೆರೆ. ಕೊಲ್ಲಿಯ ಬಾಯಿ ತೆಂಕು–ಮೂಡಣಕ್ಕೆ ತೆರೆದಿರುವುದರಿಂದ ತೆರೆ ನೇರ ಒಳಗೆ ನುಗ್ಗುತ್ತದೆ. ಅಷ್ಟೇ ಎತ್ತರದ ತೆರೆ ಮರಳಿನ ದಡಕ್ಕಿಂತ ಕಲ್ಲಿನ ದಡದಲ್ಲಿ ಹೆಚ್ಚು ಅಪಾಯದ್ದು. ಅಂದು ಊರ ಕೊಲ್ಲಿ ಬಿಡಿ, ಪಕ್ಕದ ಪುಟ್ಟ ಕೊಲ್ಲಿ ಪೋರ್ಟ್‌ಲಿಗಾತ್‌ಗೆ ಹೋಗಿ, ಅಲ್ಲಿ ಎದುರಿಗೆ ಅಡ್ಡಲಾಗಿ ಒಂದು ದ್ವೀಪವೇ ಇದೆ. ಇಲ್ಲವೇ ಗುಡ್ಡದ ಆಚೆ ಮಗ್ಗುಲಿನ ಎಲ್ ಪೋರ್ಟ್ ದ ಲಾ ಸೆಲ್ವಾ ಎಂಬ ಊರಿಗೆ. ಮೂರನೆಯದು ಗರ್ಬೀ, ನೈಋತ್ಯದ್ದು. ಬೇಸಿಗೆಯಲ್ಲಿ ನೆಲ ಕಾದ ಮೇಲೆ ಮಧ್ಯಾಹ್ನ ಎದ್ದು ಸಂಜೆಗೆ ಮಲಗುತ್ತದೆ. ಕಾಯಾಕ್ ಬಾಡಿಗೆಗೆ ತೆಗೆದುಕೊಳ್ಳುವವರು ಬೆಳಗ್ಗೆಯೇ ಮುಗಿಸಿಕೊಳ್ಳಬೇಕೆನ್ನುವುದು ಇದಕ್ಕೇ.

ಉಬ್ಬರ ಇಳಿತದ ಚಿಂತೆ ಬೇಡ. ಕಾರವಾರದಲ್ಲಿ ಮೀಟರಿಗೂ ಮೀರಿ ಏರಿಳಿಯುವ ನೀರು ಇಲ್ಲಿ ಒಂದು ಗೇಣಿನ ಲೆಕ್ಕ. ಬೆಳಗ್ಗೆ ಹಾಸಿದ ಟವೆಲ್ಲು ಸಂಜೆಗೂ ಅಲ್ಲೇ ಒಣಗಿರುತ್ತದೆ.

ಬೀಚು ಎಂದಾಗ ಕರಾವಳಿಯವರ ಕಣ್ಣಿಗೆ ಬರುವ ಮರಳು ಇಲ್ಲಿಲ್ಲ. ಊರ ಮುಂದಿನ ಪ್ಲಾಜಾ ಗ್ರಾನ್‌ನಲ್ಲಿ ಕಪ್ಪನೆಯ ಒರಟು ಮರಳು, ಜಲ್ಲಿ. ಉಳಿದ ಕಡೆ ನುಣುಪು ಬೆಣಚು, ಚಪ್ಪಟೆ ಸ್ಲೇಟು. ನೀರಿಗೆ ಹಾಕಿಕೊಳ್ಳುವ ರಬ್ಬರ್ ತಳದ ಬೂಟು ಇಲ್ಲದೆ ಬರಬೇಡಿ; ಹವಾಯಿ ಚಪ್ಪಲಿ ಮೊದಲ ತೆರೆಗೇ ಕಾಲಿನಿಂದ ಕಳಚಿ ತೇಲುತ್ತದೆ. ನೀರಿನ ಅಂಚಿನ ಒಂದು ಮಾರು ಜಾಗವೇ ಅಪಾಯದ್ದು. ಅಲ್ಲಿ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ತೆಳು ಪಾಚಿ ಇರುತ್ತದೆ. ನಿಂತುಕೊಂಡು ದಾಟಲು ಹೋಗಬೇಡಿ. ದಡದಲ್ಲಿ ಕೂತು, ಎರಡೂ ಕೈ ಹಿಂದೆ ಊರಿ, ಕೂತಂತೆಯೇ ಜರುಗಿ ಸೊಂಟಮಟ್ಟ ನೀರು ಸಿಕ್ಕ ಮೇಲೆ ಮಗುಚಿ ಈಜಲು ಶುರು ಮಾಡಿ. ಬರುವಾಗ ಹೊಟ್ಟೆಯ ಮೇಲೆ ತೇಲುತ್ತಲೇ ಕೈಗೆ ಕಲ್ಲು ತಗಲುವವರೆಗೆ ಬಂದು, ತೆರೆ ಹಿಂದೆ ಸರಿದ ಮೇಲೆ ತಿರುಗಿ ಕೂರಿ. ನೋಡಲು ಚೆಂದವಿಲ್ಲ, ಮೊಣಕಾಲು ಮಾತ್ರ ಉಳಿಯುತ್ತದೆ.

ಕೊಲ್ಲಿಯ ಎರಡು ಮಗ್ಗುಲಿಗೂ ಬಿಸಿಲಿನ ಲೆಕ್ಕ ಬೇರೆ. ಪಡುವಣ ಮಗ್ಗುಲಿನ ಲ್ಯಾನೇ ಗ್ರಾನ್, ಲ್ಯಾನೇ ಪೆತೀತ್ ಮೂಡಣಕ್ಕೆ ಮುಖ ಮಾಡಿವೆ, ಬೆಳಗಿನ ಬಿಸಿಲು ಅಲ್ಲಿಗೆ, ಸಂಜೆ ಬೇಗ ನೆರಳು. ಚಿತ್ರಕಾರ ಸಾಲ್ವದೋರ್ ದಾಲಿಯ ಹೆತ್ತವರ ಬೇಸಿಗೆಮನೆ ಇದ್ದದ್ದು ಇಲ್ಲೇ. ಅದೇ ದಾರಿಯಲ್ಲಿ ಮುಂದೆ ಸಾ ಕೊಂಕಾ, ಇನ್ನೂ ಮುಂದೆ ಕಾಲಾ ನಾನ್ಸ್ ದೀಪಸ್ತಂಭ. ಊರಿನಿಂದ ದೀಪಸ್ತಂಭಕ್ಕೆ ನಡಿಗೆ ಒಂದು ಗಂಟೆ. ಎದುರು ಮಗ್ಗುಲಿನ ಎಸ್ ಪಿಯಾಂಕ್, ಎಸ್ ಪುವಾಲ್‌ಗಳಿಗೆ ಸಂಜೆಯ ಬಿಸಿಲು ಸಿಗುತ್ತದೆ. ಎಸ್ ಪುವಾಲ್‌ನಲ್ಲಿ ಈಗಲೂ ದೋಣಿ ಎಳೆದು ಹಾಕುತ್ತಾರೆ. ದೋಣಿಯ ತಳಕ್ಕೆ ಅಡ್ಡಡ್ಡ ಮರದ ತುಂಡು ಕೊಟ್ಟು ಉರುಳಿಸಿ ಮೇಲೆ ತರುವ ಕ್ರಮ ನಮ್ಮ ಕಡೆಯದ್ದೇ. ಆ ತುಂಡುಗಳಿಗೆ ಕೊಬ್ಬು ಬಳಿದಿರುತ್ತದೆ, ಮೇಲೆ ಕೂರಬೇಡಿ, ಬಟ್ಟೆಯಿಂದ ಹೋಗುವ ಕಲೆಯಲ್ಲ.

ದಡದಲ್ಲಿ ಕಂದು ಬಣ್ಣದ ರಿಬ್ಬನ್ನಿನಂಥ ಎಲೆಗಳ ಮೆತ್ತೆ ಕಂಡರೆ ಕಸ ಎಂದುಕೊಳ್ಳಬೇಡಿ. ಅದು ಪೊಸಿಡೋನಿಯಾ, ಮೆಡಿಟರೇನಿಯನ್‌ನಲ್ಲಿ ಮಾತ್ರ ಬೆಳೆಯುವ ಕಡಲಹುಲ್ಲು. ಪಾಚಿಯಲ್ಲ, ಬೇರು, ಹೂವು, ಹಣ್ಣು ಇರುವ ನಿಜವಾದ ಗಿಡ. ಒಣಗಿದ ಮೆತ್ತೆ ಚಳಿಗಾಲದ ತೆರೆಯಿಂದ ದಡವನ್ನು ಕಾಯುತ್ತದೆ. ನೀರು ಇಷ್ಟು ತಿಳಿಯಾಗಿರುವುದಕ್ಕೂ ಕೆಳಗಿನ ಈ ಹುಲ್ಲುಗಾವಲು ಒಂದು ಕಾರಣ. ದೋಣಿ ಬಾಡಿಗೆಗೆ ಪಡೆದರೆ ಇದರ ಮೇಲೆ ಲಂಗರು ಬಿಡುವಂತಿಲ್ಲ. ಮೇಲಿನಿಂದ ನೋಡಿದರೆ ಕಪ್ಪು ಕಾಣುವುದು ಹುಲ್ಲು, ತಿಳಿ ಹಸಿರು ಕಾಣುವುದು ಮರಳು. ಲಂಗರು ಮರಳಿಗೆ.

ಕಲ್ಲಿನ ಸಂದಿಗಳಲ್ಲಿ ಕಡಲಮುಳ್ಳುಗಳಿವೆ, ಮೈಯೆಲ್ಲ ಮುಳ್ಳಿರುವ ಚೆಂಡಿನಂಥ ಜೀವಿಗಳು (ಸೀ ಅರ್ಚಿನ್). ಇಲ್ಲಿಯ ಮಾತಿನಲ್ಲಿ ಗರೋಯ್ನಾ, ಚಳಿಗಾಲದಲ್ಲಿ ಒಡೆದು ಹಸಿಯಾಗಿಯೇ ತಿನ್ನುತ್ತಾರೆ. ಕೈ ಊರುವ ಮೊದಲು ಈಜುಗನ್ನಡಕ ಹಾಕಿ ಕೆಳಗೆ ನೋಡುವುದೇ ಉಪಾಯ. ಮುಳ್ಳು ಚುಚ್ಚಿದರೆ ಒತ್ತಿ ಹಿಂಡಬೇಡಿ, ಸೀಮೆಸುಣ್ಣದ ಹಾಗೆ ಒಳಗೇ ಪುಡಿಯಾಗುತ್ತದೆ. ತಡೆಯುವಷ್ಟು ಬಿಸಿನೀರಿನಲ್ಲಿ ಕಾಲು ಅದ್ದಿ, ಚರ್ಮ ಮೆದುವಾದ ಮೇಲೆ ಚಿಮಟದಿಂದ ಹೊಕ್ಕ ದಿಕ್ಕಿಗೇ ನೇರ ಎಳೆಯಿರಿ. ಕೀಲಿನ ಹತ್ತಿರ ಮುರಿದಿದ್ದರೆ ವೈದ್ಯರಿಗೆ ತೋರಿಸಿ. ಇನ್ನೊಂದು, ನೇರಳೆ ಬಣ್ಣದ ಸಣ್ಣ ಲೋಳೆಮೀನು. ಮೂಡಣ, ತೆಂಕಣ ಗಾಳಿ ಅದನ್ನು ದಡಕ್ಕೆ ತರುತ್ತದೆ. ತಾಗಿದರೆ ಕಡಲನೀರಿನಲ್ಲೇ ತೊಳೆಯಿರಿ. ಸಿಹಿನೀರು ಹಾಕಿದರೆ ಚರ್ಮಕ್ಕೆ ಅಂಟಿಕೊಂಡು ಇನ್ನೂ ಸಿಡಿಯದೆ ಉಳಿದ ವಿಷಕೋಶಗಳು ಸಿಡಿಯುತ್ತವೆ, ಉಜ್ಜಿದರೂ ಅಷ್ಟೇ. ಬ್ಯಾಂಕ್ ಕಾರ್ಡಿನ ಅಂಚಿನಿಂದ ಎಳೆಗಳನ್ನು ಮೆಲ್ಲಗೆ ಕೆರೆದು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಕಟ್ಟಿ ಒತ್ತಿ. ಉಸಿರಾಟಕ್ಕೆ ತೊಂದರೆಯಾದರೆ ತುರ್ತು ಸಂಖ್ಯೆ 112.

ಪೋರ್ಟ್‌ಲಿಗಾತ್‌ಗೆ ಊರಿನಿಂದ ಗುಡ್ಡದ ಮೇಲಿನ ದಾರಿಯಲ್ಲಿ ಇಪ್ಪತ್ತು ನಿಮಿಷದ ನಡಿಗೆ. ನೀರು ಆಳವಿಲ್ಲ, ತಳದಲ್ಲಿ ಕೆಸರು, ದೋಣಿಗಳ ಸಂದಣಿ. ಈಜಲು ಅಷ್ಟಕ್ಕಷ್ಟೆ, ಕಾಯಾಕ್ ಕಲಿಯಲು ಬಲು ಒಳ್ಳೆಯದು. ದಾಲಿ 1930ರಲ್ಲಿ ಇಲ್ಲಿ ಮೀನುಗಾರರ ಒಂದು ಗುಡಿಸಲು ಕೊಂಡ. ಆಮೇಲೆ ಪಕ್ಕದ್ದನ್ನು, ಅದರ ಪಕ್ಕದ್ದನ್ನು ಸೇರಿಸುತ್ತ ನಲವತ್ತು ವರ್ಷ ಕಟ್ಟಿದ ಮನೆಯಲ್ಲಿ 1982ರವರೆಗೆ ಇದ್ದ. ಮನೆ ಈಗ ಮ್ಯೂಸಿಯಂ, ಕೋಣೆಗಳು ಇಕ್ಕಟ್ಟು, ಹಾಗಾಗಿ ಸಣ್ಣ ಸಣ್ಣ ಗುಂಪಾಗಿ, ನಿಗದಿಯಾದ ಹೊತ್ತಿಗೆ ಮಾತ್ರ ಒಳಗೆ ಬಿಡುತ್ತಾರೆ. ಬಾಗಿಲಲ್ಲಿ ಟಿಕೆಟ್ ಸಿಗುತ್ತದೆಂದು ನಂಬಬೇಡಿ, ಊರು ಬಿಡುವ ಮೊದಲೇ ಆನ್‌ಲೈನಿನಲ್ಲಿ ಕೊಳ್ಳಿ. ಟಿಕೆಟ್ಟಿನ ಹೊತ್ತಿಗೆ ಅರ್ಧ ಗಂಟೆ ಮುಂಚೆ ಕೌಂಟರಿನಲ್ಲಿರಬೇಕು. ಬೀಚಿನ ಚೀಲವನ್ನು ಹೊರಗೇ ಇಡಿಸುತ್ತಾರೆ.

ಅಲ್ಲಿಂದ ಕಾಪ್ ದ ಕ್ರೇವುಸ್ ದೀಪಸ್ತಂಭದವರೆಗಿನ ಕಾಲುದಾರಿಯನ್ನು ಬಿಡಬಾರದು. ಸುಮಾರು ಏಳು ಕಿಲೋಮೀಟರ್, ಎರಡೂವರೆ ಗಂಟೆ, ವಾಪಸಿಗೂ ಅಷ್ಟೇ. ದಾರಿ ತಪ್ಪದಂತೆ ಕಲ್ಲುಗಳ ಮೇಲೆ ಬಿಳಿ–ಕೆಂಪು ಎರಡು ಪಟ್ಟಿ ಬಳಿದಿದ್ದಾರೆ. ಅವೆರಡು ಒಂದನ್ನೊಂದು ಅಡ್ಡ ಹಾಯ್ದು ಗುಣಾಕಾರದ ಚಿಹ್ನೆಯಾಗಿದ್ದರೆ ಆ ಕವಲು ನಿಮ್ಮದಲ್ಲ. ಇದೇ ತುದಿಯಿಂದ ಹೊರಡುವ ಜಿಆರ್ 11 ಎಂಬ ದಾರಿ ಇಡೀ ಪಿರನೀಸ್ ಉದ್ದಕ್ಕೂ ನಡೆದು ಅಟ್ಲಾಂಟಿಕ್ ಸಮುದ್ರಕ್ಕೆ ಮುಟ್ಟುತ್ತದೆ. ನಡುವೆ ಗಿಯೋಲಾ, ಕೊನೆಯ ಹೊತ್ತಿಗೆ ಜುಗಾದೋರಾ ಎಂಬ ಕಲ್ಲಿನ ಕೊಲ್ಲಿಗಳು ಸಿಗುತ್ತವೆ. ಜೂನ್‌ನಲ್ಲಿ ವಾರದ ನಡುವೆ ಹೋದರೆ ಗಿಯೋಲಾದಲ್ಲಿ ನಿಮ್ಮೊಬ್ಬರದೇ ಟವೆಲ್ಲು. ದಾರಿಯಲ್ಲಿ ನೆರಳಿಲ್ಲ, ನಲ್ಲಿಯಿಲ್ಲ, ಅಂಗಡಿಯಿಲ್ಲ. ತಲೆಗೆ ಎರಡು ಲೀಟರ್ ನೀರು, ಬೆರಳು ಮುಚ್ಚುವ ಬೂಟು, ಬೆಳಗ್ಗೆ ಎಂಟರೊಳಗೆ ಹೊರಡುವುದು. ಬಡಗಣ ಗಾಳಿಯ ದಿನ ಈ ದಾರಿ ಬೇಡವೇ ಬೇಡ, ಬಂಡೆಯ ಅಂಚಿನಲ್ಲಿ ಮೈಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ದೀಪಸ್ತಂಭಕ್ಕೆ ಖಾಸಗಿ ಕಾರುಗಳಿಗೆ ನಿರ್ಬಂಧ ಇರುತ್ತದೆ. ನಡೆಯಲಾಗದವರು ಊರಿನ ಪ್ರವಾಸಿ ಕಚೇರಿಯಲ್ಲಿ ಬಸ್ಸಿನ ಹೊತ್ತು ಕೇಳಿಕೊಳ್ಳಲಿ.

1853ರ ಈ ದೀಪಸ್ತಂಭದ ಸುತ್ತ ಮರವೇ ಇಲ್ಲ, ಕಲ್ಲಷ್ಟೇ. ಕಂದು ಪದರಗಲ್ಲಿನ ನಡುವೆ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲಿನ ಬಿಳಿಯ ಪಟ್ಟೆಗಳು ಹಾವಿನಂತೆ ಹರಿದಿವೆ. ಉಪ್ಪು ಗಾಳಿ ಕಲ್ಲನ್ನು ಒಳಗಿನಿಂದ ಕೊರೆದು ಜೇನುಗೂಡಿನಂಥ ಗುಳಿ ಮಾಡಿದೆ. ತುಸು ಹಿಂದೆ ಟುದೇಲಾ ಎಂಬ ಬಯಲಿದೆ. 1960ರ ದಶಕದಲ್ಲಿ ಅಲ್ಲಿ ಕ್ಲಬ್ ಮೆಡ್ ಎಂಬ ಫ್ರೆಂಚ್ ಪ್ರವಾಸ ಕಂಪನಿಯ ನೂರಾರು ಕೋಣೆಗಳ ರಜಾ ತಾಣ ಎದ್ದಿತ್ತು. 1998ರಲ್ಲಿ ಇಡೀ ಭೂಶಿರ ಸಂರಕ್ಷಿತ ಉದ್ಯಾನವಾಯಿತು. ಆಮೇಲೆ ತಾಣ ಮುಚ್ಚಿ, 2009–10ರಲ್ಲಿ ಕಟ್ಟಡಗಳನ್ನೆಲ್ಲ ಬಿಚ್ಚಿ, ಕಿತ್ತು, ಹೊರಗಿನಿಂದ ತಂದು ನೆಟ್ಟ ಗಿಡಗಳನ್ನೂ ಬೇರುಸಹಿತ ತೆಗೆದು ಬಂಡೆಯನ್ನು ಬಂಡೆಗೇ ಬಿಟ್ಟರು. ಈಗ ನೋಡಿದರೆ ಇಲ್ಲಿ ಹೋಟೆಲಿತ್ತೆಂದು ನಂಬಲಾಗದು. ಕಡಲತೀರದಲ್ಲಿ ಕಟ್ಟಿದ್ದನ್ನು ಹೀಗೆ ಹಿಂದಕ್ಕೆ ತೆಗೆದುಕೊಂಡದ್ದು ಅಪರೂಪ. ಬೀಚುಗಳಿಗಿಂತ ಮೊದಲು ಇದನ್ನು ನೋಡಿ ಎನ್ನುವುದು ನಮ್ಮ ಶಿಫಾರಸು. ಉದ್ಯಾನದೊಳಗೆ ಬೆಂಕಿ ಹಚ್ಚುವಂತಿಲ್ಲ, ಡೇರೆ ಹಾಕುವಂತಿಲ್ಲ. 2021ರ ಜುಲೈನಲ್ಲಿ ಭೂಶಿರದ ಬಡಗು ಭಾಗದಲ್ಲಿ ನಾನೂರು ಹೆಕ್ಟೇರಿಗೂ ಹೆಚ್ಚು ಸುಟ್ಟುಹೋಯಿತು.

ಊಟದ ಹೊತ್ತು ತಪ್ಪಿದರೆ ಉಪವಾಸ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ, ರಾತ್ರಿ ಎಂಟೂವರೆ ಮೇಲೆ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ವಾರದ ದಿನಗಳ ಮಧ್ಯಾಹ್ನ ‘ಮೆನು ದೆಲ್ ದಿಯಾ’ ಕೇಳಿ, ಎರಡು ಬಗೆ, ಒಂದು ಸಿಹಿ, ಬ್ರೆಡ್ಡು ಸೇರಿ ಒಂದೇ ಬೆಲೆ. ಸುಕೇತ್ ಇಲ್ಲಿಯ ಮೀನುಸಾರು. ದೋಣಿಯಲ್ಲಿ ಮಾರಾಟವಾಗದೆ ಉಳಿದ ಬಂಡೆಮೀನಿಗೆ ಆಲೂಗಡ್ಡೆ, ಟೊಮೆಟೊ ಹಾಕಿ ಕುದಿಸಿ, ಕೊನೆಗೆ ಬಾದಾಮಿ, ಬೆಳ್ಳುಳ್ಳಿ, ಕರಿದ ಬ್ರೆಡ್ಡು, ಪಾರ್ಸ್ಲಿ ಅರೆದ ಪಿಕಾದಾ ಬೆರೆಸುತ್ತಾರೆ. ಕಾಯಿ ಅರೆದು ಹಾಕುವ ನಮ್ಮ ಕ್ರಮದಂತೆ ಸಾರು ಗಟ್ಟಿಯಾಗುವುದು ಅದರಿಂದಲೇ. ಮೆನುವಿನಲ್ಲಿ ಮೀನಿನ ಮುಂದೆ ಬೆಲೆಯ ಬದಲು ತೂಕದ ಲೆಕ್ಕ ಬರೆದಿದ್ದರೆ ಮೀನು ತರಿಸಿ, ತೂಗಿಸಿ, ಒಟ್ಟು ಎಷ್ಟೆಂದು ಕೇಳಿಯೇ ಒಪ್ಪಿಕೊಳ್ಳಿ. ಹಾಗೆ ಕೇಳುವುದು ಇಲ್ಲಿ ಸಹಜ, ಯಾರೂ ಮುಖ ಸಿಂಡರಿಸುವುದಿಲ್ಲ.

ಆಂಚೋವಿಯನ್ನು, ನಮ್ಮ ಕರಾವಳಿಯ ಕೊಲ್ಲತರುವಿನ ಬಳಗದ ಮೀನು, ತಲೆ ಕರುಳು ತೆಗೆದು ಒಂದು ಪದರ ಮೀನು ಒಂದು ಪದರ ಕಲ್ಲುಪ್ಪು ಹಾಕಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಇಡುತ್ತಾರೆ. ಗಾಜಿನ ಭರಣಿಯಲ್ಲಿ ಉಪ್ಪಿನೊಂದಿಗೇ ಮಾರುವುದನ್ನು ತಂದರೆ ಹಾಗೇ ಬಾಯಿಗೆ ಹಾಕುವಂತಿಲ್ಲ. ನೀರಿನಲ್ಲಿ ತೊಳೆದು, ಹೆಬ್ಬೆರಳಿನಿಂದ ಹೊಟ್ಟೆಯ ಕಡೆಯಿಂದ ಸೀಳಿ, ಬಾಲದ ಕಡೆಯಿಂದ ನಡುಮುಳ್ಳನ್ನು ಒಂದೇ ಎಳೆತಕ್ಕೆ ತೆಗೆದು, ಬಟ್ಟೆಯಲ್ಲಿ ಒತ್ತಿ, ಆಲಿವ್ ಎಣ್ಣೆ ಸುರಿದು ಅರ್ಧ ಗಂಟೆ ಬಿಡಬೇಕು.

ಸಸ್ಯಾಹಾರಿಗಳು ಕಂಗಾಲಾಗಬೇಕಿಲ್ಲ. ಎಸ್ಕಲಿವಾದಾ ಎಂದರೆ ಕೆಂಡದಲ್ಲಿ ಸುಟ್ಟು ಸಿಪ್ಪೆ ಸುಲಿದ ಬದನೆ, ದೊಣ್ಣೆಮೆಣಸು, ನಮ್ಮ ಸುಟ್ಟ ಬದನೆಯ ಗೊಜ್ಜಿನ ನೆನಪು ತರುತ್ತದೆ. ಆದರೆ ಮೇಲೆ ಆಂಚೋವಿ ಇಟ್ಟು ಕೊಡುವ ರೂಢಿಯಿದೆ. ‘ಸೆನ್ಸಾ ಅಂಶೋವಾಸ್’ ಎಂದು ಮೊದಲೇ ಹೇಳಿ. ‘ಸೆನ್ಸಾ ಕಾರ್ನ್ ನಿ ಪೇಶ್’ ಎಂದರೆ ಮಾಂಸ, ಮೀನು ಎರಡೂ ಬೇಡ. ಬರಿಯ ‘ವೆಜಿಟೇರಿಯನ್’ ಎಂದರೆ ಟೂನಾ ಹಾಕಿದ ಸಲಾಡ್ ಬಂದೀತು. ಪಾಂ ತುಮಾಕೆತ್, ಅಂದರೆ ಟೊಮೆಟೊ ಉಜ್ಜಿದ ಬ್ರೆಡ್ಡು, ಎಲ್ಲ ಕಡೆ ಸಿಗುತ್ತದೆ, ಸಾಮಾನನ್ನು ಹಾಗೇ ಮುಂದೆ ಇಟ್ಟರೆ ಕ್ರಮ ತಪ್ಪಬೇಡಿ. ಸುಟ್ಟ ಬ್ರೆಡ್ಡಿಗೆ ಬೇಕಿದ್ದರೆ ಮೊದಲು ಬೆಳ್ಳುಳ್ಳಿ ತೀಡಿ, ಆಮೇಲೆ ಅಡ್ಡ ಕೊಯ್ದ ಟೊಮೆಟೊವನ್ನು ಸಿಪ್ಪೆಯೊಂದೇ ಕೈಯಲ್ಲಿ ಉಳಿಯುವವರೆಗೆ ಉಜ್ಜಿ, ನಂತರ ಉಪ್ಪು, ಕೊನೆಗೆ ಎಣ್ಣೆ. ಎಣ್ಣೆ ಮೊದಲು ಸುರಿದರೆ ಟೊಮೆಟೊ ರಸ ಬ್ರೆಡ್ಡಿಗೆ ಇಳಿಯುವುದಿಲ್ಲ.

ದೊಡ್ಡ ದೋಣಿಗಳು ದಡ ಸೇರುವುದನ್ನು ನೋಡುವ ಆಸೆಯಿದ್ದರೆ ಕದಾಕೇಸ್‌ನಲ್ಲಿ ಕಾಯಬೇಡಿ. ಇಲ್ಲಿ ಉಳಿದಿರುವ ವೃತ್ತಿ ಮೀನುಗಾರರು ಕೆಲವೇ ಮಂದಿ. ಮೀನಿನ ಹರಾಜು ನಡೆಯುವುದು ರೋಸೆಸ್‌ನಲ್ಲಿ, ಎಲ್ ಪೋರ್ಟ್ ದ ಲಾ ಸೆಲ್ವಾದಲ್ಲಿ. ಸೋಮವಾರದಿಂದ ಶುಕ್ರವಾರ ಸಂಜೆ ನಾಲ್ಕೈದರ ಹೊತ್ತಿಗೆ ಟ್ರಾಲರುಗಳು ಬರುತ್ತವೆ, ಹಿಂದೆ ಕಡಲಕಾಗೆಗಳ ಹಿಂಡು. ಹಾಗಾಗಿ ಊರು ಬಿಡುವ ದಿನ ಮಧ್ಯಾಹ್ನದ ಬಸ್ಸಿನಲ್ಲಿ ರೋಸೆಸ್‌ನಲ್ಲಿ ಇಳಿದು, ಬಂದರು ನೋಡಿಕೊಂಡು, ಸಂಜೆಯ ಬಸ್ಸಿನಲ್ಲಿ ಫಿಗೇರೆಸ್‌ಗೆ ಹೋಗುವುದು ಅನುಕೂಲ. ಬಸ್ಸಿಗೆ ಮುಂಚೆ ಬೇಕರಿಯಲ್ಲಿ ‘ತಾಪ್ಸ್’ ಕಟ್ಟಿಸಿಕೊಳ್ಳಿ, ಬಾಟಲಿಯ ಬಿರಡೆಯ ಆಕಾರದ, ಮೇಲೆ ಸಕ್ಕರೆ ಉದುರಿಸಿದ ಮೊಟ್ಟೆಯ ಕೇಕು. ಎರಡನೇ ದಿನಕ್ಕೆ ಒಣಗುತ್ತದೆ, ಬೆಂಗಳೂರಿನವರೆಗೆ ತರುವ ಯೋಚನೆ ಬಿಟ್ಟು ರೈಲಿನಲ್ಲೇ ಮುಗಿಸಿ.